ನಮ್ಮನೆಯವರ ತೋಳು ಒಂದಿಂಚು ಬೆಳೆದದ್ದು

ನಮ್ಮನೆಯವರು ಇಪ್ಪತ್ತೆರಡು ವರ್ಷ ಬೀರುವಿನ ಕೆಳಗಿನ ತುದಿ ಹಿಡಿದವರು. ಇದೇನು ಮಹಾ ಅಂತ ನಿಮಗನ್ನಿಸಬಹುದು. ಮನೆ ಸಾಮಾನು ಸಾಗಿಸುವವರನ್ನು ಹೋಗಿ ಕೇಳಿ, ಆಮೇಲೆ ಮಾತಾಡಿ. ಮೆಟ್ಟಿಲ ಮೇಲೆ ಬೀರು ಹತ್ತಿಸುವಾಗ ಮೇಲಿನ ತುದಿ ಹಿಡಿದವನಿಗೆ ಬರೀ ಸೊಂಟ ನೋವು, ಕೆಳಗಿನ ತುದಿ ಹಿಡಿದವನಿಗೆ ಇಡೀ ಬೀರು. ತಂಡದಲ್ಲಿ ಆರು ಜನ ಇದ್ದರೂ ಕೆಳಗಿನ ತುದಿಯವನು ಒಬ್ಬನೇ. ಊಟಕ್ಕೆ ಕೂತರೆ ಮೊದಲ ತಟ್ಟೆ ಅವನಿಗೆ, ಲಾರಿ ಹತ್ತಿದರೆ ಡ್ರೈವರ್ ಪಕ್ಕದ ಸೀಟು ಅವನಿಗೆ.

ಊರನ್ನು ನಾವೆಲ್ಲ ಬೀದಿಗಳಿಂದ ಗುರುತು ಇಟ್ಟುಕೊಂಡರೆ ಅವರು ಮೆಟ್ಟಿಲುಗಳಿಂದ ಇಟ್ಟುಕೊಂಡವರು. ಇಂಥವರ ಮನೆ ಅಂದರೆ ತಿಳಿಯುವುದಿಲ್ಲ. ಹತ್ತೊಂಬತ್ತು ಮೆಟ್ಟಿಲು, ಎಡಕ್ಕೆ ಬಿಗಿ ತಿರುವು ಅಂದರೆ ತಕ್ಷಣ ಗೊತ್ತಾಗುತ್ತದೆ. ಯಾರಾದರೂ ತೀರಿಕೊಂಡ ಸುದ್ದಿ ಬಂದರೂ ಅಯ್ಯೋ ಪಾಪ, ಆ ಸಡಿಲ ಕಂಬಿ ಮೆಟ್ಟಿಲಿನವರಾ ಅನ್ನುತ್ತಾರೆ. ನಮ್ಮ ತವರು ಮನೆಯ ಸಾಮಾನು ಸಾಗಿಸೋಕೆ ಬಂದವರು ಅವರು. ಸಾಮಾನಿನ ಜೊತೆ ನನ್ನನ್ನೂ ಸಾಗಿಸಿದರು. ಅಪ್ಪನಿಗೆ ಅಳಿಯನ ಬಗ್ಗೆ ಇದ್ದ ಒಂದೇ ತಕರಾರು ಅಂದರೆ ಇವನು ಮಾತಾಡುವಾಗ ಮುಖ ನೋಡುವುದಿಲ್ಲ, ಬಾಗಿಲಿನ ಅಗಲ ನೋಡುತ್ತಾನೆ ಅಂತ.

ಹೋದ ವರ್ಷ ಒಂದು ಫ್ರಿಜ್ಜು ಅವರ ಕೈಯಿಂದ ಅರ್ಧ ಮೆಟ್ಟಿಲು ಜಾರಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮಾರನೇ ದಿನ ಮೇಸ್ತ್ರಿ, ಅಂದರೆ ತಂಡದ ಯಜಮಾನ, ಇವರಿಗಿಂತ ಹದಿನೈದು ವರ್ಷ ಚಿಕ್ಕವನು, ತುಂಬ ಮರ್ಯಾದೆಯಿಂದ ಹೇಳಿದನಂತೆ: ಅಣ್ಣ, ಗಾಜಿನ ಸಾಮಾನು ನಂಬಿಕೆಯವರೇ ಹಿಡೀಬೇಕು, ಇನ್ನು ಮೇಲೆ ಅದು ನಿಮ್ಮದು. ಎಷ್ಟೇ ಮರ್ಯಾದೆಯಿಂದ ಹೇಳಿದರೂ ಕೆಳಗಿಳಿಸಿದ್ದು ಕೆಳಗಿಳಿಸಿದ್ದೇ. ಆವತ್ತು ಇವರು ಲಾರಿಯ ಹಿಂದೆ ಹಾಸಿಗೆಗಳ ಮೇಲೆ ಕೂತು, ಆಳೆತ್ತರದ ಕನ್ನಡಿ ತಬ್ಬಿಕೊಂಡು, ಮುಕ್ಕಾಲು ಗಂಟೆ ತಮ್ಮ ಮುಖ ತಾವೇ ನೋಡುತ್ತಾ ಬಂದರಂತೆ. ಮನೆಗೆ ಬಂದವರು ಊಟ ಬೇಡ ಅಂದರು. ಆಮೇಲೆ ಸುಮಾರು ಒಂದು ವರ್ಷ ಇವರು ನಕ್ಕಿದ್ದು ನಾನು ನೋಡಲಿಲ್ಲ. ದಿಂಬು, ದೀಪದ ಬುರುಡೆ, ಹೂದಾನಿ ಹೊತ್ತು ಬರುವುದು, ಗೋಡೆ ನೋಡುತ್ತಾ ಕೂರುವುದು. 

ಇಂಥ ಹೊತ್ತಲ್ಲಿ ಸಿಕ್ಕವನು ಡಬ್ಬಿ. ಜಿಮ್ಮಿನ ಬಾಗಿಲಲ್ಲಿ ಪ್ರೋಟೀನ್ ಡಬ್ಬಿ ಮಾರುವ ಹುಡುಗನಿಗೆ ನಮ್ಮ ಮನೆಯಲ್ಲಿ ಇಟ್ಟ ಹೆಸರು ಅದು. ಅವನ ತೋಳು ಎಷ್ಟು ದಪ್ಪ ಅಂದರೆ ತನ್ನ ಬೆನ್ನು ತಾನೇ ತುರಿಸಿಕೊಳ್ಳಲಾರ; ಬಾಗಿಲ ಚೌಕಟ್ಟಿಗೆ ಉಜ್ಜಿಕೊಳ್ಳುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಮ್ಮನೆಯವರಿಗೆ ಅದೂ ಒಂದು ಸಾಧನೆಯಾಗಿ ಕಂಡಿತು.

ವಿಷಯ ಬಯಲಾಗಿದ್ದು ಅತ್ತೆಯಿಂದ. ಒಂದು ಬೆಳಿಗ್ಗೆ ಅವರು ಫ್ರಿಜ್ಜಿನ ಮುಂದೆ ನಿಂತು, ನನ್ನ ಕಣ್ಣಿನ ಔಷಧಿ ಒಣಗಿ ಪುಡಿಯಾಗಿ ಹೋಗಿದೆ ಅಂತ ಗೋಳಾಡಿದರು. ಹೋಗಿ ನೋಡಿದರೆ ಮೊಟ್ಟೆಗಳ ಹಿಂದೆ ಕಿರುಬೆರಳಿನಷ್ಟು ಗಾತ್ರದ ನಾಲ್ಕು ಸೀಸೆ, ತಳದಲ್ಲಿ ಚಿಟಿಕೆ ಬಿಳಿ ಪುಡಿ. ಅತ್ತೆ ಅದಕ್ಕೆ ನೀರು ಬೆರೆಸಿ ಕಣ್ಣಿಗೆ ಬಿಟ್ಟುಕೊಳ್ಳೋಕೆ ಚಮಚ ಹುಡುಕುತ್ತಿದ್ದರು. ಕಿತ್ತುಕೊಂಡೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ನನಗೆ ಗೊತ್ತು.

ಹಲ್ಲುಜ್ಜುತ್ತಿದ್ದ ನಮ್ಮನೆಯವರನ್ನು ನಡುಮನೆಗೆ ಕರೆದು ವಿಚಾರಣೆ ಮಾಡಿದೆ. ನೊರೆ ತುಂಬಿದ ಬಾಯಲ್ಲೇ ಎಲ್ಲ ಒಪ್ಪಿಕೊಂಡರು. ಡಬ್ಬಿ ಕೊಟ್ಟದ್ದಂತೆ, ಇದು ಪೆಪ್ಟೈಡ್ ಅಂತ. ಬೆಳವಣಿಗೆ ಹೆಚ್ಚಿಸುವ ಪದಾರ್ಥ, ಸ್ನಾಯುಗಳಿಗೆ ಬೆಳೀರಿ ಅಂತ ಹೇಳುತ್ತದಂತೆ. ದೇಹದೊಳಗೇ ಇರುವಂಥದ್ದಂತೆ, ಹೊರಗಿನದ್ದಲ್ಲವಂತೆ. ಒಳಗೇ ಇರುವುದಾದರೆ ಹೊರಗಿನಿಂದ ಯಾಕೆ ತಂದಿರಿ ಅಂದೆ. ನಾಲ್ಕು ದಿನದಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಣ್ಣ ಸೂಜಿಯಿಂದ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದರಂತೆ. ನಾನು ಬಟ್ಟೆಗೆ ಗುಂಡಿ ಹೊಲಿಯುವಾಗ ಸೂಜಿ ತಾಗಿ ರಕ್ತ ಬಂದರೆ ಅತ್ತ ತಿರುಗಿ ಕೂರುವ ಗಂಡಸು ಇದು.

ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡು ಸೀಸೆಯ ಮೇಲಿನ ಇರುವೆ ಅಕ್ಷರ ಓದಿದೆ. ಪ್ರಯೋಗಾಲಯದ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಅಂತಿತ್ತು. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು, ಅದರ ಸುದ್ದಿಯೇ ಇಲ್ಲ.

“ಮನುಷ್ಯರಿಗಲ್ಲ ಅಂದ್ಮೇಲೆ ಇವನಿಗೆ ಸರಿಹೋಗತ್ತೆ ಬಿಡು,” ಅಂದರು ಅತ್ತೆ.

ಅದೆಲ್ಲ ಕಾನೂನಿಗೋಸ್ಕರ ಬರೆಯುವುದಂತೆ, ಡಬ್ಬಿ ಹೇಳಿದ್ದಾನಂತೆ. ಇಲಿಗಳ ಮೇಲೆ ಪ್ರಯೋಗ ಆಗಿದೆಯಂತೆ, ಇಲಿಗಳು ಕಟ್ಟುಮಸ್ತಾದವಂತೆ. ಇಲಿ ಬೀರು ಹೊತ್ತಿದ್ದನ್ನು ಯಾರಾದರೂ ನೋಡಿದ್ದಾರಾ ಅಂದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇವರದು, ವಾದ ಮಾಡಿ ಪ್ರಯೋಜನವಿಲ್ಲ. ನಾನು ಸೀಸೆಗಳನ್ನು ಎತ್ತಿಕೊಂಡು ಕಸದ ಬುಟ್ಟಿಯ ಕಡೆ ಹೊರಟೆ. ಆಗ ಇವರು ಅಡ್ಡ ಬಂದು ಮಗುವಿನ ಹಾಗೆ ಗೋಗರೆದರು. ಹದಿನೈದು ದಿನ ಕೊಡು, ನಿನ್ನ ಹೊಲಿಗೆಯ ಅಳತೆ ಪುಸ್ತಕದಲ್ಲಿ ನನ್ನ ತೋಳಿನ ಸುತ್ತಳತೆ ಇದೆಯಲ್ಲ, ಅಷ್ಟರಲ್ಲಿ ಬೆಳೆಯದಿದ್ದರೆ ನಾನೇ ಎಸೆಯುತ್ತೇನೆ ಅಂದರು. ಒಪ್ಪಿಕೊಂಡೆ. ಬುದ್ಧಿಗೇಡಿ ನಾನು, ಒಪ್ಪಿಕೊಂಡೆ. ಉಪ್ಪೋ ಸಕ್ಕರೆಯೋ ತುಂಬಿ ಮಾರಿರುತ್ತಾನೆ, ಎಲ್ಲಿ ಬೆಳೆಯುತ್ತದೆ ಅನ್ನುವ ಧೈರ್ಯ.

ಈಗ ನನ್ನ ಟೇಪಿನ ವಿಷಯ ಹೇಳಬೇಕು. ನಾನು ಟೈಲರ್, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮೂರು ವರ್ಷದ ಹಿಂದೆ ಟೇಪಿನ ತುದಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕಿ ಸುಟ್ಟು ಹೋಯಿತು. ಸುಟ್ಟ ಮೊದಲ ಇಂಚನ್ನು ಕತ್ತರಿಸಿ ಬಿಸಾಡಿದೆ. ಅಂದಿನಿಂದ ಎಷ್ಟು ತೋರಿಸಿದರೂ ಮನಸ್ಸಿನಲ್ಲೇ ಒಂದು ಕಳೆದು ಬರೆದುಕೊಳ್ಳುತ್ತೇನೆ. ಮೂವತ್ತೈದು ಅಂತ ಕಂಡರೆ ಕೈ ತಾನಾಗಿ ಮೂವತ್ತನಾಲ್ಕು ಬರೆಯುತ್ತದೆ. ಹೊಸ ಟೇಪು ತಂದರೆ ಅದರಲ್ಲೂ ಒಂದು ಕಳೆದುಬಿಡುತ್ತೇನೆ, ಗಿರಾಕಿಗಳ ರವಿಕೆಯೆಲ್ಲ ಬಿಗಿ. ಹಾಗಾಗಿ ಹಳೆಯದೇ ಇರಲಿ ಅಂತ ಇಟ್ಟುಕೊಂಡೆ. ಈ ಗುಟ್ಟು ನನಗೂ ಟೇಪಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಹತ್ತನೇ ದಿನ ನಾನು ಹೊಲಿದ ಬಟ್ಟೆ ಕೊಟ್ಟು ಮನೆಗೆ ಬಂದರೆ ಬಾಗಿಲಲ್ಲೇ ನಮ್ಮನೆಯವರು ನಿಂತಿದ್ದಾರೆ, ಅಂಗಿಯ ಬಲತೋಳನ್ನು ಭುಜದವರೆಗೆ ಮಡಿಸಿಕೊಂಡು. ಒಂದು ಕೈಯಲ್ಲಿ ನನ್ನ ಟೇಪು, ಇನ್ನೊಂದರಲ್ಲಿ ನನ್ನ ಅಳತೆ ಪುಸ್ತಕ. ಪುಸ್ತಕದಲ್ಲಿ ಹದಿಮೂರು, ಟೇಪಿನಲ್ಲಿ ಹದಿನಾಲ್ಕು. ನನ್ನ ಬಾಯಿಗೆ ಬಂದೇ ಬಿಟ್ಟಿತ್ತು, ಅದು ತೋಳು ಬೆಳೆದದ್ದಲ್ಲ ಮಾರಾಯರೇ, ಟೇಪು ಸುಟ್ಟದ್ದು ಅಂತ. ಅಷ್ಟರಲ್ಲಿ ಅವರ ಮುಖ ನೋಡಿದೆ. ಊರಗಲ ಆಗಿತ್ತು. ಅತ್ತೆಯ ಊರುಗೋಲು ಕಿತ್ತುಕೊಂಡು ಅದನ್ನೇ ಬೀರುವಿನ ಹಾಗೆ ಎತ್ತಿ ಇಳಿಸಿ, ಗಹಗಹಿಸಿ ನಕ್ಕರು. ಒಂದು ವರ್ಷವಾಗಿತ್ತು ಆ ನಗು ಕೇಳಿ. ನನ್ನ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ನಾಳೆ ಹೇಳೋಣ ಅಂದುಕೊಂಡೆ.

ಆ ನಾಳೆ ಬರಲೇ ಇಲ್ಲ. ಇವರು ಟೇಪನ್ನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದರು. ಲಾರಿ ಪಕ್ಕದಲ್ಲಿ ಎಲ್ಲರ ಎದುರಿಗೆ ತೋಳು ಅಳೆಸಿಕೊಂಡರು. ಅದನ್ನು ನೋಡಿ ಉಳಿದವರೂ ಅಳೆದುಕೊಂಡರಂತೆ. ಪುಡಿಯ ಹೆಸರೇ ಕೇಳದವರ ತೋಳೂ ಅವರವರು ಅಂದುಕೊಂಡಿದ್ದಕ್ಕಿಂತ ಒಂದಿಂಚು ದಪ್ಪ ಬಂತು. ಒಬ್ಬನಿಗಾದರೂ ಅನುಮಾನ ಬರಬೇಕಲ್ಲ, ಊಹೂಂ. ಎಲ್ಲರೂ ಎದೆ ಉಬ್ಬಿಸಿಕೊಂಡರು. ಡ್ರೈವರ್ ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದನಂತೆ. ತನ್ನದೂ ಹದಿನಾರು ಬಂದ ಖುಷಿಯಲ್ಲಿ ಮೇಸ್ತ್ರಿ ಕರಗಿ ನೀರಾಗಿ, ಆಯ್ತಣ್ಣ, ಶನಿವಾರ ಮೂರನೇ ಮಹಡಿಗೆ ಒಂದು ಹಳೇ ಕಾಲದ ಬೀರು ಇದೆ, ಕೆಳಗಿನ ತುದಿ ನಿಮ್ಮದೇ ಅಂದುಬಿಟ್ಟ.

ಶನಿವಾರಕ್ಕೆ ಇದ್ದ ಮೂರು ದಿನವೂ ನನ್ನದು ಒಂದೇ ಕೆಲಸ. ಹೇಳಬೇಕು ಅಂತ ಹತ್ತಿರ ಹೋಗುವುದು, ಅವರು ಸಿಳ್ಳೆ ಹಾಕುತ್ತಾ ಬೂಟಿಗೆ ಪಾಲಿಶ್ ಹಚ್ಚುತ್ತಿರುವುದನ್ನು ನೋಡಿ ವಾಪಸ್ ಬರುವುದು. ಹದಿನೈದು ದಿನದ ಮಾತೂ ಅಲ್ಲಿಗೆ ಮುಗಿಯಿತು. ತೋಳು ಬೆಳೆದಿದೆ, ಇನ್ನು ಎಸೆಯುವ ಪ್ರಶ್ನೆಯೇ ಇಲ್ಲ. ಡಬ್ಬಿ ಇನ್ನೂ ಆರು ಸೀಸೆ ಕೊಟ್ಟ. ಫ್ರಿಜ್ಜಿನಲ್ಲಿ ಜಾಗ ಇಲ್ಲದೆ ಮೊಟ್ಟೆಗಳು ಬುಟ್ಟಿಗೆ ಬಂದವು.

ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಡ್ರೈವರ್ ಫೋನ್ ಮಾಡಿದ. ಅಕ್ಕ, ಗಾಬರಿ ಆಗಬೇಡಿ, ಬೇಗ ಬನ್ನಿ ಅಂದ. ಗಾಬರಿ ಆಗಬೇಡಿ ಅಂದರೆ ಆಗುವುದು ಗಾಬರಿಯೇ. ಮೂರು ಬೀದಿ ಆಚೆಯ ಆ ಮನೆಗೆ ಕುತ್ತಿಗೆಯಲ್ಲಿ ನೂಲಿನ ತುಂಡುಗಳನ್ನು ನೇತಾಡಿಸಿಕೊಂಡೇ ಓಡಿದೆ.

ಎರಡನೇ ಮಹಡಿ ದಾಟಿದ ಮೇಲೆ ಮೆಟ್ಟಿಲು ತಿರುಗುವ ಕಡೆ ಬೀರು ಗೋಡೆಗೂ ಕಂಬಿಗೂ ನಡುವೆ ಅಡ್ಡಲಾಗಿ ಕಚ್ಚಿಕೊಂಡು ನಿಂತಿದೆ. ಮೇಲೆ ಮೂವರು, ಕೆಳಗೆ ಇಬ್ಬರು, ಬೀರುವಿನ ಹಿಂದಿನ ಮೂಲೆಯಲ್ಲಿ ನಮ್ಮನೆಯವರು. ಒಂದು ಮುಷ್ಟಿ ಅಗಲದ ಸಂದಿಯಲ್ಲಿ ಅವರ ಅರ್ಧ ಮುಖ ಕಾಣುತ್ತಿತ್ತು, ಬೆವರಿ ಬಿಳಿಚಿಕೊಂಡಿತ್ತು. ತಿರುವಿಗೆ ಬಂದಾಗ ಮೈಯೆಲ್ಲ ನಡುಗಿ ಕಾಲು ಕುಸಿದವಂತೆ. ಬೀರು ಹಾಗೆ ಕಚ್ಚಿಕೊಳ್ಳದೆ ಜಾರಿದ್ದರೆ ಇವರ ಎದೆಯ ಮೇಲೇ ಕೂರುತ್ತಿತ್ತು.  ಏನ್ರೀ, ಏನಾಯ್ತು ಅಂದೆ. ಅವರು ಆ ಸಂದಿಯಿಂದ ನನ್ನನ್ನು ಯಾವತ್ತೂ ಕಂಡಿಲ್ಲದವರ ಹಾಗೆ ನೋಡಿದರು.

“ಮೇಡಂ,” ಅಂದರು, “ಬೀರು ಯಾವ ರೂಮಿಗೆ ಇಡ್ಬೇಕು?”

ಕೆಳಗಿದ್ದ ಇಬ್ಬರು ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಏನೇನೋ ಕರೆದಿದ್ದಾರೆ, ಮೇಡಂ ಅಂತ ಕರೆದಿರಲಿಲ್ಲ.

ನಮ್ಮ ಪುಣ್ಯಕ್ಕೆ ಎರಡನೇ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದರು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯವರು. ಸಂದಿಯಲ್ಲಿ ಒಂದು ಸಲ ಇಣುಕಿದರು ಅಷ್ಟೇ. ಇದು ಸಕ್ಕರೆ ಇಳಿದಿರೋದು, ನಂಗೂ ಹೀಗೇ ಆಗತ್ತೆ, ನಾನೂ ಒಂದ್ಸಲ ಅಳಿಯನನ್ನ ಪೋಸ್ಟ್‌ಮ್ಯಾನ್ ಅಂದ್ಕೊಂಡಿದ್ದೆ ಅಂದರು. ಡಾಕ್ಟರಿಗೆ ಫೋನ್ ಮಾಡಿ ಅಂತ ಮೇಸ್ತ್ರಿಗೆ ಹೇಳಿ ಒಳಗೆ ಹೋಗಿ ಸಕ್ಕರೆ ನೀರು ಕಲಸಿದರು. ಆದರೆ ಲೋಟ ಸಂದಿಯಲ್ಲಿ ತೂರಲಿಲ್ಲ. ಕೊನೆಗೆ ಹೂಕುಂಡಕ್ಕೆ ನೀರು ಹಾಕುವ ಉದ್ದ ಮೂತಿಯ ಡಬ್ಬ ತೊಳೆದು ತಂದು, ಅದರ ಮೂತಿಯನ್ನು ಒಳಗೆ ತೂರಿಸಿ, ಗುಟುಕು ಗುಟುಕಾಗಿ ಕುಡಿಸಿದರು. ತೋಳು ಬೆಳೀಲಿ ಅಂತ ಮದ್ದು ಚುಚ್ಚಿಕೊಂಡ ಗಂಡಸಿಗೆ ಗಿಡಕ್ಕೆ ಎರೆದ ಹಾಗೆ ನೀರೆರೆದರು.

ಹತ್ತು ನಿಮಿಷಕ್ಕೆ ಮುಖಕ್ಕೆ ಬಣ್ಣ ಬಂತು. ಏ, ನೀನ್ಯಾಕೆ ಇಲ್ಲಿ ಬಂದೆ, ಅಂಗಡಿ ಯಾರು ನೋಡ್ಕೋತಾರೆ ಅಂತ ನನ್ನನ್ನೇ ಗದರಿದರು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿಲ್ಲ. ಆಮೇಲೆ ಬೀರುವಿನ ಬಾಗಿಲು ತೆರೆದು, ಹಿಂಬದಿಯ ಹಲಗೆಯ ತಿರುಪು ಬಿಚ್ಚಿ, ಬೀರುವಿನ ಒಳಗಿನಿಂದಲೇ ಇವರನ್ನು ಈಚೆ ತಂದರು. ಬಟ್ಟೆ ನೇತುಹಾಕುವ ಕಂಬಿ ಹಿಡಿದುಕೊಂಡು, ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಹೊರಗೆ ಬಂದರು.

ಕ್ಲಿನಿಕ್ಕಿನ ಡಾಕ್ಟರಮ್ಮ ಬೆರಳಿಗೆ ಚುಚ್ಚಿ ರಕ್ತ ನೋಡಿ, ತಿನ್ನಿಸಿ, ಮತ್ತೆ ಚುಚ್ಚಿ ನೋಡಿದರು. ದಾರಿಯಲ್ಲಿ ಮನೆಯಿಂದ ಎತ್ತಿಕೊಂಡು ಬಂದಿದ್ದ ಸೀಸೆಯನ್ನು ನಾನು ತೋರಿಸಿದೆ. ಅವರು ಬೈಯಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಇಂಥ ಪದಾರ್ಥವನ್ನು ನಿಜವಾದ ಔಷಧಿಯಾಗಿ ಕೆಲವು ಕಾಯಿಲೆಗಳಿಗೆ, ಅದೂ ಅಪರೂಪದವಕ್ಕೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾ ಕೊಡುತ್ತಾರಂತೆ. ಇದು ಸಕ್ಕರೆಯನ್ನೂ ಇಳಿಸಬಹುದು. ಖಾಲಿ ಹೊಟ್ಟೆ, ಮೇಲಿಂದ ಬೀರು, ಇನ್ನೇನು ಬೇಕು ಅಂದರು. ಈ ಸೀಸೆಯಲ್ಲಿ ಬರೆದಿದ್ದೇ ಇದೆಯೋ, ಎಷ್ಟಿದೆಯೋ, ಶುದ್ಧವೋ ಕೊಳಕೋ, ಮಾರಿದವನಿಗೂ ಗೊತ್ತಿರಲ್ಲ. ಸ್ನಾಯು ಬೆಳೆಸಿಕೊಳ್ಳೋಕೆ ಆರೋಗ್ಯವಾಗಿರುವವರು ವರ್ಷಗಟ್ಟಲೆ ತಗೊಂಡರೆ ಏನಾಗುತ್ತೆ ಅಂತ ಸರಿಯಾಗಿ ಪರೀಕ್ಷೆ ಮಾಡಿ ನೋಡಿದವರಿಲ್ಲ ಅಂದರು.

“ಇದು ಬೆಳಿ ಅಂತ ಹೇಳೋ ಔಷಧಿ,” ಅಂದರು. “ನೀವು ತೋಳಿಗೆ ಮಾತ್ರ ಹೇಳಿದೀನಿ ಅಂದ್ಕೊಂಡಿದೀರಿ. ಒಳಗೆ ಎಲ್ಲಾದ್ರೂ ಒಂದು ಸಣ್ಣ ಗಡ್ಡೆ ಸುಮ್ಮನೆ ಕೂತಿದ್ರೆ ಅದಕ್ಕೂ ಕೇಳಿಸಬಹುದು.”

ಇಷ್ಟೆಲ್ಲ ಕೇಳಿಸಿಕೊಂಡು ನಮ್ಮನೆಯವರು ಏನಂದರು ಗೊತ್ತೇ? ಅದ್ಸರಿ ಡಾಕ್ಟ್ರೇ, ಆದ್ರೂ ಹತ್ತು ದಿನಕ್ಕೆ ಒಂದಿಂಚು ಬೆಳೀತಲ್ಲ ಅಂದರು. ಡಾಕ್ಟರಮ್ಮ ತೋಳು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಓದತೊಡಗಿದೆ.

ದಾರಿಯುದ್ದಕ್ಕೂ ಅವರದು ಅದೇ ರಾಗ. ತಪ್ಪು ಪುಡಿಯದ್ದಲ್ಲ, ಖಾಲಿ ಹೊಟ್ಟೆಯದ್ದು. ನಾಳೆಯಿಂದ ನಾಲ್ಕು ಮೊಟ್ಟೆ ತಿಂದು ಚುಚ್ಚಿಕೊಂಡರೆ ಆಯಿತು. ಕೆಲಸ ಮಾಡದ ಔಷಧಿಯಾಗಿದ್ದರೆ ಬಿಡಬಹುದಿತ್ತು, ಕಣ್ಣೆದುರಿಗೆ ಕೆಲಸ ಮಾಡುತ್ತಿರುವುದನ್ನು ಬಿಡುವುದು ಹೇಗೆ ಅಂತ ನನ್ನನ್ನೇ ಕೇಳಿದರು. ನಾನು ಹಲ್ಲು ಕಚ್ಚಿಕೊಂಡು ನಡೆದೆ. ಇವರ ಹೊಟ್ಟೆಗೆ ನಾಳೆ ಬೆಳಿಗ್ಗೆ ಹೋಗುವ ಸೂಜಿಯನ್ನು ಡಬ್ಬಿ ಮಾರಿರಬಹುದು, ಹಿಡಿದು ಚುಚ್ಚುತ್ತಿರುವುದು ನಾನು. ಛೀ ಅನ್ನಿಸಿತು ನನಗೆ ನನ್ನ ಮೇಲೆ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ, ಮೆಷಿನ್ನಿನ ಖಾನೆಯಿಂದ ಕಬ್ಬಿಣದ ಅಳತೆಪಟ್ಟಿ ತೆಗೆದು ಟೇಪಿನ ಪಕ್ಕ ಇಟ್ಟೆ. ನೋಡಿ ಅಂದೆ. ಪಟ್ಟಿಯಲ್ಲಿ ಒಂಬತ್ತು ಇದ್ದ ಕಡೆ ಟೇಪಿನಲ್ಲಿ ಹತ್ತು. ಇಸ್ತ್ರಿಪೆಟ್ಟಿಗೆಯ ಕಥೆಯೆಲ್ಲ ಹೇಳಿದೆ. ಅವರು ಟೇಪಿನ ಕತ್ತರಿಸಿದ ತುದಿಯನ್ನು ಬೆರಳಿನಿಂದ ಸವರಿ ನೋಡಿದರು. ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

“ಡಬ್ಬಿ ಸುಳ್ಳು ಹೇಳಿದ, ಸರಿ. ಅವನಿಗೆ ನಾನ್ಯಾರು?” ಅಂದರು. “ನಿಂಗೆ ಗೊತ್ತಿತ್ತಲ್ಲ.”

“ನೀವು ನಗ್ತಿದ್ರಿ,” ಅಂದೆ. 

ಇಂಥದ್ದು ಇನ್ನೂ ಏನೇನು ಮುಚ್ಚಿಟ್ಟಿದ್ದೀಯ, ಈಗಲೇ ಹೇಳಿಬಿಡು ಅಂದರು. ಕೇಳಿದ ಮೇಲೆ ಬಿಡುವುದು ಯಾಕೆ ಅಂತ ಹೇಳಿದೆ. ನೆತ್ತಿಯ ಬೋಳು ನಾಣ್ಯದಷ್ಟಲ್ಲ, ತಟ್ಟೆಯಷ್ಟಿದೆ. ಸಿಳ್ಳೆ ರಾಗದಲ್ಲಿ ಇರುವುದಿಲ್ಲ, ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುವುದು ಗಾಳಿಗಲ್ಲ. ಹದಿನೆಂಟು ವರ್ಷದಿಂದ ಅವರ ಪ್ರತಿ ಶರ್ಟಿನ ಭುಜದೊಳಗೆ ಒಂದು ಪದರ ಬಟ್ಟೆ ಹೆಚ್ಚಿಗೆ ಇಟ್ಟು ಹೊಲಿಯುತ್ತಿದ್ದೇನೆ. ಇದನ್ನು ಕೇಳಿ ಅವರ ಕೈ ತಾನಾಗಿ ಭುಜಕ್ಕೆ ಹೋಯಿತು, ಒತ್ತಿ ನೋಡಿಕೊಂಡರು. ಒಳಗಿನಿಂದ ಅತ್ತೆ, ಶರ್ಟಿಂದು ನಂಗೂ ಗೊತ್ತಿತ್ತು ಅಂದರು.

ಇನ್ನೊಂದಿದೆ ಅಂದೆ. ಅದನ್ನೂ ಹೇಳು ಅನ್ನುವ ಹಾಗೆ ತಲೆ ಆಡಿಸಿದರು. 

“ನೀವು ನನ್ನ ಮೇಡಂ ಅಂದಾಗ, ಮುಗೀತು, ಹೋಗೇಬಿಟ್ರಿ ಅಂದ್ಕೊಂಡೆ. ನಂಗೆ ತೋಳು ಬೇಡ ರೀ. ದಿಂಬು ಹೊರಿ, ಪರಕೆ ಹೊರಿ, ಏನಾದ್ರೂ ಹೊರಿ. ಸಂಜೆ ಮನೆಗೆ ಬನ್ನಿ, ಬಂದು ನಾನ್ಯಾರು ಅಂತ ಗುರ್ತು ಹಿಡೀರಿ. ಅಷ್ಟು ಸಾಕು.”

 ಅವರು ಎದ್ದು ಒಳಗೆ ಹೋದರು. ಫ್ರಿಜ್ಜಿನ ಬಾಗಿಲು ತೆರೆದ ಸದ್ದು, ಸೀಸೆಗಳು ಒಂದಕ್ಕೊಂದು ತಾಗಿದ ಸದ್ದು. ಎಲ್ಲವನ್ನೂ ಸೂಜಿಗಳ ಸಮೇತ ಒಂದು ಡಬ್ಬದಲ್ಲಿ ತಂದು ನನ್ನ ಮೆಷಿನ್ನಿನ ಮೇಲಿಟ್ಟು, ಡಾಕ್ಟರಮ್ಮನಿಗೆ ಕೊಟ್ಟು ಬರೋಣ, ನೀನೂ ಬಾ ಅಂದರು. ನಾನು ಮುಖ ಒರೆಸಿಕೊಂಡು ಎದ್ದೆ. ಹೊಸಿಲು ದಾಟುವ ಮುಂಚೆ ಅವರು ಒಂದು ಗಳಿಗೆ ನಿಂತರು, ಬಾಗಿಲಿನ ಅಗಲ ನೋಡದೆ ನನ್ನ ಮುಖ ನೋಡಿದರು.

“ಇನ್ಮೇಲೆ ನಾನು ನಗ್ತಿದ್ರೂ ಹೇಳು,” ಅಂದರು.

ಹೂಂ ಅಂದೆ.